ಚಾಕಿ ಮನೆಯ ಎಸಿ, ಎರಡನೇ ಜ್ವರ

ರೇಷ್ಮೆ ಹುಳು ಚರ್ಮ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಸಾಕುವವರಿಗೆ ಸಂತೋಷ. ಹೊತ್ತಿಗೆ ಸರಿಯಾಗಿ ಬೆಳೆಯುತ್ತಿದೆ ಎಂದರ್ಥ. ಹುಳು ಇರುವ ಕೋಣೆ ಕಾವೇರಿದಾಗ ಮಾತ್ರ ಅವರಿಗೆ ನನ್ನ ನೆನಪಾಗುತ್ತದೆ. ಚಿತ್ರದುರ್ಗದಲ್ಲಿ ನನ್ನದೊಂದು ಎಸಿ ರಿಪೇರಿ ಅಂಗಡಿ. ಮನುಷ್ಯರು ಸೆಕೆಗೆ ಬೈದುಕೊಂಡು ಒಂದು ವಾರ ಕಾಯುತ್ತಾರೆ. ಹುಳು ಬೈಯುವುದಿಲ್ಲ, ಕಾಯುವುದೂ ಇಲ್ಲ.

ಆ ಬೇಸಿಗೆಯ ಒಂದು ಬೆಳಿಗ್ಗೆ ಐಮಂಗಲದ ಆಚೆ, ಹೆದ್ದಾರಿಯಿಂದ ಒಳಕ್ಕೆ ಹೋಗುವ ಮಣ್ಣುದಾರಿಯ ಕೊನೆಗಿರುವ ಚಾಕಿ ಕೇಂದ್ರದಿಂದ ಫೋನು ಬಂತು. ಚಾಕಿ ಕೇಂದ್ರವೆಂದರೆ ರೇಷ್ಮೆ ಹುಳುಗಳ ಬಾಲವಾಡಿ. ಮೊಟ್ಟೆಯಿಂದ ಎದ್ದ ಮರಿಗಳನ್ನು ಎರಡನೇ ಜ್ವರ ದಾಟುವವರೆಗೆ ಅಲ್ಲಿ ಸಾಕಿ, ಆಮೇಲೆ ಸುತ್ತಲಿನ ರೈತರಿಗೆ ಹಂಚುತ್ತಾರೆ. ಅದನ್ನು ನಡೆಸುತ್ತಿದ್ದವರು ಒಬ್ಬ ಹೆಣ್ಣುಮಗಳು. ಗಂಡ ಮೊಟ್ಟೆ ತರುವ, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳುವಿನ ಮನೆಗಳನ್ನು ನೋಡಿ ಬರುವ ತಿರುಗಾಟದಲ್ಲೇ ಇರುವವನಾದ್ದರಿಂದ ಕೋಣೆಯ ರಾಜ್ಯಭಾರ ಪೂರ್ತಿ ಅವರದೇ.

“ಅಣ್ಣ, ಎಸಿ ಆಗಾಗ ಬಿಸಿ ಗಾಳಿ ಬಿಡ್ತೈತೆ.”

“ರಿಮೋಟ್ ನೋಡ್ರಮ್ಮ. ಬಿಸಿಗೆ ಹಾಕಿರ್ಬೇಕು.”

“ರಿಮೋಟ್ ಓದಾಕೆ ಬರ್ತೈತೆ ನಂಗೆ. ಸಂಜಿಗೆಲ್ಲ ಹುಳ ಜ್ವರಕ್ಕೆ ಕೂರ್ತವೆ. ಬಿರ್ರನೆ ಬರ್ರಿ. ಬರೋವಾಗ ಸ್ನಾನ ಮಾಡ್ಕಂಡು ಬರ್ರಿ.”

ಕೆಲಸಕ್ಕೆ ಕರೆಯುವವರು ನನಗೆ ಅನೇಕ ಷರತ್ತು ಹಾಕಿದ್ದಾರೆ. ಸ್ನಾನದ ಷರತ್ತು ಅದೇ ಮೊದಲು. ತಂಬಾಕಿನ ವಾಸನೆ, ಸೆಂಟಿನ ವಾಸನೆ, ಬೇರೆ ಹುಳುಮನೆಯ ಧೂಳು ಯಾವುದೂ ಒಳಗೆ ಬರಕೂಡದಂತೆ. ಗೇಟಿನ ಕಲ್ಲಿನ ಮೇಲೆ ನನ್ನ ಎಲೆಅಡಿಕೆ ಸಂಚಿ ಇಡಿಸಿದರು, ಬಾಯಿ ಮುಕ್ಕಳಿಸಲು ಹೇಳಿದರು, ಸುಣ್ಣದ ಪುಡಿ ಹರಡಿದ ತಟ್ಟೆಯಲ್ಲಿ ಕಾಲಿಡಿಸಿದರು, ಕೈಗೆ ಯಾವುದೋ ನೀರು ಹಾಕಿದರು. ಮಠದ ಗದ್ದುಗೆಯ ದರ್ಶನಕ್ಕೂ ನಾನು ಇಷ್ಟು ಶುದ್ಧನಾಗಿ ಹೋದವನಲ್ಲ.

ಕೋಣೆ ಚೊಕ್ಕಟವಾಗಿತ್ತು. ಕಿಟಕಿಗಳಿಗೆ ಪಾಲಿಥೀನ್ ಹಾಳೆ ಬಿಗಿದು ಗಾಳಿ ಆಡದಂತೆ ಮುಚ್ಚಿದ್ದರು. ಒಂದರ ಮೇಲೊಂದು ಟ್ರೇಗಳು, ಟ್ರೇಯೊಳಗೆ ಕತ್ತರಿಸಿದ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ದಾರದ ತುಣುಕಿನಷ್ಟು ದಪ್ಪದ ಹುಳುಗಳು. ಅವಕ್ಕೆ ಇಪ್ಪತ್ತೇಳು ಡಿಗ್ರಿಯ ಆಸುಪಾಸು ಬೇಕು. ಗೋಡೆಯ ಥರ್ಮಾಮೀಟರು ಅದನ್ನು ದಾಟಿ ಆಗಲೇ ಮೂವತ್ತೊಂದಕ್ಕೆ ಬಂದಿತ್ತು. ಹೊರಗೆ ಹಿರಿಯೂರು ಸೀಮೆಯ ಬಿಸಿಲು ಇನ್ನೂ ಪೂರ್ತಿ ಬಂದಿರಲಿಲ್ಲ.

“ನೋಡ್ರಿ, ಅಂಚಿಗೆ ಹರೀತಾ ಅವೆ,” ಎಂದರು ಅವರು. ನಾನು ನೋಡಿದೆ. ಟ್ರೇಯ ನಡುವಿನ ಸೊಪ್ಪು ಬಿಟ್ಟು ಹುಳುಗಳು ಅದರ ಅಂಚಿನ ಗೋಡೆ ಹತ್ತಿಕೊಂಡು ಹೋಗುತ್ತಿದ್ದವು. “ತಿನ್ನೋ ಹೊತ್ನಾಗೆ ತಿನ್ನದಂಗೆ ಜ್ವರಕ್ಕೆ ಕೂತ್ರೆ ಏಳಲ್ಲ. ಕೂತ ಮ್ಯಾಲೆ ಮುಟ್ಟಂಗೂ ಇಲ್ಲ, ಬ್ಯಾರೆ ಕಡೆ ಎತ್ತಿಡಂಗೂ ಇಲ್ಲ. ಅಷ್ಟ್ರೊಳಗೆ ತಂಪು ಮಾಡ್ಕೊಡ್ರಿ.”

ನನಗೆ ವಿಷಯದ ತೂಕ ತಿಳಿಯಲೆಂದೋ ಏನೋ, ಅವರು ಇನ್ನೊಂದು ಮಾತು ಸೇರಿಸಿದರು. ಹೋದ ಸಲ ಇಲ್ಲಿಂದ ಒಯ್ದ ಹುಳು ಕೆಲವರ ಮನೆಯಲ್ಲಿ ಗೂಡು ಕಟ್ಟದೆ ಸತ್ತಿದ್ದವು. ಈ ಸಲ ಅದೇ ರೈತರಲ್ಲಿ ಅರ್ಧ ಜನ ಬೇರೆ ಕೇಂದ್ರಕ್ಕೆ ಹೋಗಿದ್ದಾರೆ. ಉಳಿದವರು ತೋಟದಲ್ಲಿ ಸೊಪ್ಪು ಬೆಳೆಸಿಕೊಂಡು ಕಾಯುತ್ತಿದ್ದಾರೆ. “ಈ ಸರ್ತಿನೂ ಕೆಟ್ರೆ ಬೋರ್ಡು ಕೆಳಗಿಳಿಸಾದೇಯ,” ಎಂದು ಟ್ರೇಯ ಅಂಚು ಒರೆಸುತ್ತಲೇ ಹೇಳಿದರು.

ಗೋಡೆಯ ಮೇಲಿದ್ದದ್ದು ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಕೊಡುವ ಉಭಯಪಕ್ಷದ ಸ್ಪ್ಲಿಟ್ ಎಸಿ. ಗಾಳಿ ಊದುವ ಭಾಗ ಒಳಗೆ, ಕಂಪ್ರೆಸರ್ ಇರುವ ಭಾಗ ಹೊರಗಿನ ಗೋಡೆಗೆ, ನಡುವೆ ಎರಡು ತಾಮ್ರದ ಪೈಪು. ಮೊದಲು ಜಗಲಿಯ ಬೋರ್ಡಿನಲ್ಲಿ ಅದರ ಎಂಸಿಬಿ ಸ್ವಿಚ್ಚು ಇಳಿಸಿ, ಮೇಲೆ ಟೇಪು ಸುತ್ತಿ, ‘ಮುಟ್ಟಬೇಡಿ, ಕೆಲಸ ನಡೆಯುತ್ತಿದೆ’ ಎಂದು ಚೀಟಿ ಅಂಟಿಸಿದೆ. ಕೆಲಸದ ನಡುವೆ ಯಾರೋ ಉಪಕಾರಿಗಳು ಬಂದು, ಇದ್ಯಾಕೆ ಕೆಳಗೈತೆ ಎಂದು ಏರಿಸಿಬಿಡುವುದು ನಮ್ಮ ನಾಡಿನ ಸೌಜನ್ಯ. ಅಂಥ ಸೌಜನ್ಯಕ್ಕೆ ಬಲಿಯಾದ ಒಬ್ಬ ಮೆಕ್ಯಾನಿಕ್ಕನ ತಿಥಿಯ ಊಟ ಮಾಡಿ ಬಂದವನು ನಾನು. ಕರೆಂಟು ತೆಗೆದ ಮೇಲೂ ಹೊರಗಿನ ಯಂತ್ರದ ಬೋರ್ಡಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಅಡಗಿ ಕೂತಿರುತ್ತದೆ. ಮೀಟರು ಸೊನ್ನೆ ತೋರಿಸುವವರೆಗೆ ಕೈಕಟ್ಟಿ ನಿಂತೆ. ಅವರಿಗೆ ನಾನು ನಿಂತದ್ದು ಕಂಡಿತು, ಕಾರಣ ಕಾಣಲಿಲ್ಲ.

“ಏನಣ್ಣ, ಮುಹೂರ್ತ ನೋಡ್ತಿದ್ದೀರಾ?”

“ಹೂನಮ್ಮ. ರಾಹುಕಾಲ ಕಳೀಲಿ.”

ಟ್ರೇಗಳ ಮೇಲೆಲ್ಲ ಮೇಣದ ಕಾಗದ ಮುಚ್ಚಿಸಿ ಮುಚ್ಚಳ ತೆಗೆದೆ. ಫಿಲ್ಟರು ಬೆಳ್ಳಗೆ. ಅದರ ಹಿಂದಿನ ಕಾಯಿಲ್, ಅಂದರೆ ಗಾಳಿ ತಣ್ಣಗಾಗುವ ಅಲ್ಯೂಮಿನಿಯಂ ರೆಕ್ಕೆಗಳ ಸಾಲು, ದೀಪಾವಳಿಗೆ ಬಳಿದ ಗೋಡೆಯಂತೆ ಬೆಳ್ಳಗೆ. ಗಾಳಿ ನುಸುಳಲು ಸಂದೇ ಇರಲಿಲ್ಲ.

“ಸುಣ್ಣ ಬಳಿದಂಗೈತಲ್ಲಮ್ಮ.”

“ಜ್ವರಕ್ಕೆ ಕೂತಾಗ ಹಾಸಿಗೆ ಒಣಗ್ಲಿ ಅಂತ ಸುಣ್ಣದ ಪುಡಿ ಉದುರಿಸ್ತೀವಿ. ಹಾರಿ ಹೋಗಿರ್ತೈತೆ.”

ಹಾರಿ ಹೋಗಿ, ತಣ್ಣನೆಯ ಕಾಯಿಲ್ಲಿನ ಹನಿಗೆ ಅಂಟಿ, ಗಾರೆಯಾಗಿತ್ತು. ಬೇರೆ ಕಡೆಯಾದರೆ ನೊರೆ ಬರುವ ಔಷಧಿ ಹೊಡೆದು ತೊಳೆಯುತ್ತೇನೆ. ಇಲ್ಲಿ ಆ ಡಬ್ಬಿಯ ವಾಸನೆಗೇ ಹುಳು ಸಾಯುತ್ತವೆ. ಬರೀ ನೀರಿನಲ್ಲಿ ತೊಳೆಯಬೇಕು. ನನ್ನ ಪಂಪು ದೊಡ್ಡದು, ನೀರು ಟ್ರೇಗೆ ಸಿಡಿಯುತ್ತದೆ. ಜಗಲಿಯ ಮೂಲೆಯಲ್ಲಿ ಬೆನ್ನಿಗೆ ಹಾಕುವ ಸ್ಪ್ರೇಯರ್ ಕಂಡು ಕೈ ಹಾಕಿದೆ.

“ಅದನ್ನ ಮುಟ್ಟಿದ್ರೆ ನೀವು ಹಂಗೇ ಊರಿಗೆ ಹೋಗಿ,” ಎಂದರು ಅವರು. ಪಕ್ಕದ ಹೊಲದವರು ಈರುಳ್ಳಿಗೆ ಔಷಧಿ ಹೊಡೆದು ಇಟ್ಟುಹೋದದ್ದಂತೆ. ಕುಡಿಯುವ ನೀರಿನ ಕೊಡ, ಹೊಸ ಬ್ರಷ್ಷು, ಅಡುಗೆಮನೆಯ ಸಣ್ಣ ಪಿಚಕಾರಿ ಬಾಟಲಿ ಕೊಟ್ಟರು. ಕಾಯಿಲ್ಲಿನ ಕೆಳಗೆ ಪಾಲಿಥೀನ್ ಜೋಳಿಗೆ ಕಟ್ಟಿ, ರೆಕ್ಕೆ ಬಾಗದಂತೆ ಮೇಲಿನಿಂದ ಕೆಳಕ್ಕೆ ಉಜ್ಜಿದೆ. ಹಾಲಿನಂಥ ನೀರು ಇಳಿಯಿತು. ನೀರು ಹೊರಹೋಗುವ ಪೈಪಿನಿಂದ ಒಂದು ಸುಣ್ಣದ ಬತ್ತಿಯೇ ಹೊರಗೆ ಬಂತು. ಒರೆಸಿ, ಒಣಗಿಸಿ, ಮುಚ್ಚಿ, ಎಂಸಿಬಿ ಏರಿಸಿದೆ.

ತಣ್ಣನೆ ಗಾಳಿ ಬಂತು. ಆ ಹೆಣ್ಣುಮಗಳು ಕಾಗದ ಸರಿಸಿ ಸೊಪ್ಪು ಹಾಕಿದರು. ಕೆಲವು ಹುಳು ಅಂಚಿನಿಂದ ಹಿಂತಿರುಗಿದವು. ನಾನು ಸಾಮಾನು ಕಟ್ಟಲು ಶುರು ಮಾಡಿದೆ. ಈ ವೃತ್ತಿಯಲ್ಲಿ ಅಪಶಕುನವೆಂದರೆ ಅದೊಂದೇ.

ಸ್ಪ್ಯಾನರು ಚೀಲಕ್ಕೆ ಹೋಗುವ ಮುಂಚೆ ಗಾಳಿ ಸಪ್ಪೆಯಾಯಿತು. ಗೇಜು ಹಚ್ಚಿದೆ, ಮುಳ್ಳು ಇರಬೇಕಾದ ಜಾಗಕ್ಕಿಂತ ಬಹಳ ಕೆಳಗಿತ್ತು, ಮತ್ತು ನಾನು ನೋಡುತ್ತಿದ್ದಂತೆಯೇ ಇನ್ನೂ ಇಳಿಯಿತು. ಗ್ಯಾಸ್ ಸೋರುತ್ತಿದೆ. ಹೊರಗಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದೆ, ಗುಳ್ಳೆ ಏಳಲಿಲ್ಲ. ಒಳಗೆ ಬಂದು ತೊಳೆದ ಕಾಯಿಲ್ಲಿನ ಬಾಗಿದ ತಾಮ್ರದ ಕೊಳವೆಗಳಿಗೆ ಹಚ್ಚಿದೆ. ಒಂದು ಗುಳ್ಳೆ ಎದ್ದಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಉದ್ದಕ್ಕೂ. ತಾಮ್ರವನ್ನು ಇರುವೆ ಕೊರೆದಂತೆ ಕಣ್ಣಿಗೆ ಕಾಣದ ತೂತುಗಳು. ಗಾರೆಯ ಹಿಂದೆ ಹೇಗೋ ಏದುಸಿರು ಬಿಡುತ್ತಿದ್ದ ಕಾಯಿಲ್ಲು ನಾನು ಮಾಡಿಸಿದ ಸ್ನಾನದಿಂದ ಪೂರ್ತಿ ಬಿಡುಗಡೆ ಹೊಂದಿತ್ತು.

“ಬೆಳಿಗ್ಗೆ ಸ್ವಲ್ಪನಾದ್ರೂ ತಂಪು ಬರ್ತಿತ್ತು,” ಎಂದರು ಅವರು. ಬೈದಿದ್ದರೆ ವಾಸಿಯಿತ್ತು.

“ಈ ಮಿಷನ್ನಿಗೆ ಏನಾದ್ರೂ ಹಾಕ್ತೀರೇನಮ್ಮ?”

“ಏನು ಹಾಕ್ತೀವಿ? ಹುಳ ಹೋದ ಮ್ಯಾಲೆ ಪ್ರತಿ ಸರ್ತಿ ಕೋಣೆಗೆ ಬ್ಲೀಚಿಂಗ್ ಹೊಡೀತೀವಿ. ಒಂದು ಮೂಲೆ ಬಿಡಂಗಿಲ್ಲ. ಇದ್ರ ಮುಚ್ಚಳ ತೆಗ್ದು ಇದ್ರ ಹೊಟ್ಟೆಗೂ ಹೊಡೀತೀವಿ. ಆಮ್ಯಾಲೆ ಇದನ್ನೇ ಹಾಕಿ ಬಿಡ್ತೀವಿ, ಔಷಧಿ ಎಲ್ಲಾ ಕಡೆ ಹರಡ್ಲಿ ಅಂತ.”

ಸೋಮಾರಿಗಳ ಮನೆಯಲ್ಲಿ ಎಸಿ ಧೂಳಿನಿಂದ ಸಾಯುತ್ತದೆ. ಇಲ್ಲಿ ಅದು ಅತಿ ಮಡಿಯಿಂದ ಸತ್ತಿತ್ತು. ರೋಗ ಬಾರದಿರಲೆಂದು ಮೂಲೆ ಮೂಲೆಗೆ ಬ್ಲೀಚಿಂಗ್ ಹೊಡೆಯುವುದು ಹುಳು ಸಾಕುವವರ ಧರ್ಮ, ಅದರಲ್ಲಿ ತಪ್ಪಿಲ್ಲ. ತಾಮ್ರಕ್ಕೆ ಆ ಧರ್ಮ ಗೊತ್ತಿರಲಿಲ್ಲ. ಪ್ರತಿ ಬೆಳೆಗೂ ಒಂದು ಬ್ಲೀಚಿಂಗ್ ಸ್ನಾನ, ಅದರ ಮೇಲೊಂದು ಸುಣ್ಣದ ಲೇಪ. ಹೋದ ಬೆಳೆಗೆ ಮುಂಚೆ ಒಬ್ಬ ಮೆಕ್ಯಾನಿಕ್ ಬಂದು ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿ ಹೋಗಿದ್ದನಂತೆ. ಅಂದರೆ ಹೋದ ಸಲದ ಹುಳುಗಳು ಯಾವ ಕಾವಿನಲ್ಲಿ ಬೆಳೆದಿದ್ದವೋ ಯಾರಿಗೂ ಗೊತ್ತಿಲ್ಲ. ಅವರಿಗೂ ಅದು ಹೊಳೆಯಿತು ಎಂದು ಕಾಣುತ್ತದೆ. ಥರ್ಮಾಮೀಟರಿನ ಕಡೆ ನೋಡಿದರು.

ಆಗ ನನ್ನ ತಲೆಗೆ ಇನ್ನೊಂದು ವಿಷಯ ಬಂತು, ಬೆನ್ನು ತಣ್ಣಗಾಯಿತು. ಆ ಕೋಣೆಯಲ್ಲಿ ಬೆನ್ನು ಬಿಟ್ಟು ಬೇರೇನೂ ತಣ್ಣಗಿರಲಿಲ್ಲ. ಈಗಿನ ಎಸಿಗಳ ಗ್ಯಾಸಿಗೆ ವಾಸನೆಯಿಲ್ಲ, ಗಾಳಿಗಿಂತ ಭಾರ, ಹೆಚ್ಚು ಸೇರಿಕೊಂಡರೆ ಬೆಂಕಿಗೆ ಹತ್ತಿಕೊಳ್ಳುವ ಗುಣವೂ ಉಂಟು. ಸೋರಿದ್ದೆಲ್ಲ ನೆಲಕ್ಕೆ ಇಳಿದಿರುತ್ತದೆ. ಕೋಣೆ ಮುಚ್ಚಿದೆ. ಮುಂಗೋಣೆಯಲ್ಲಿ ಹುಳು ಬಂದ ದಿನದಿಂದ ಇವರು ಹಚ್ಚಿಟ್ಟ ದೀಪ ನೆಲದ ಮೇಲೇ ಉರಿಯುತ್ತಿದೆ. ಹತ್ತಿಕೊಳ್ಳುವಷ್ಟು ಸೇರಿತ್ತೋ ಇಲ್ಲವೋ ಲೆಕ್ಕ ಹಾಕುತ್ತ ಕೂರುವ ಹೊತ್ತಲ್ಲ ಅದು.

“ದೀಪ ಎತ್ಕಂಡು ಹೊರಗೆ ಹೋಗ್ರಿ ತಾಯಿ. ಒಳಗಿನ ಯಾವ ಸ್ವಿಚ್ಚೂ ಮುಟ್ಟಬ್ಯಾಡ್ರಿ.”

ಅವರು ಉರಿಯುವ ದೀಪಕ್ಕೆ ಅಂಗೈ ಅಡ್ಡ ಹಿಡಿದು ಹೊರಗೆ ನಡೆದರು. ನಾನು ಜಗಲಿಯಲ್ಲಿ ಮೇನ್ ಇಳಿಸಿ, ಹೊರಗಿನ ಯಂತ್ರದ ಎರಡೂ ವಾಲ್ವು ಮುಚ್ಚಿ, ಉಳಿದ ಗ್ಯಾಸನ್ನು ಅದರೊಳಗೇ ಬಂಧಿಸಿದೆ. ಆಮೇಲೆ ಹೇಳಲೇಬೇಕಾದ ಮಾತು ಹೇಳಿದೆ.

“ಕಿಟಕಿ ಬಾಗಿಲು ಎಲ್ಲ ತೆಗೀಬೇಕು.”

“ಹೊರಗಿನ ಬಿಸಿಲು ನೋಡಿದ್ರಾ?”

“ನೋಡ್ದೆ.”

“ಮೊಟ್ಟೆ ಒಡೆದ ದಿನದಿಂದ ಕಣ್ಣಿಗೆ ಎಣ್ಣೆ ಬಿಟ್ಕಂಡು ಮುಚ್ಚಿಟ್ಟಿರೋ ಕೋಣೆ ಅಣ್ಣ ಇದು.”

“ಗೊತ್ತಮ್ಮ. ಒಂದು ಕಿಡಿ ಬಿದ್ರೆ ಕೋಣೆನೇ ಇರಲ್ಲ.”

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಾವೇ ಮೊದಲ ಪಾಲಿಥೀನ್ ಹಾಳೆಯನ್ನು ಚರ್ರೆಂದು ಹರಿದರು. ಬಿಸಿಗಾಳಿ ಒಲೆಯ ಬಾಯಿಂದ ಬಂದಂತೆ ಒಳಗೆ ನುಗ್ಗಿತು. ಮೂವತ್ತಮೂರು. ಸೊಪ್ಪು ಕಣ್ಣೆದುರೇ ಬಾಡತೊಡಗಿತು. ಸೊಪ್ಪು ಕುಯ್ಯುವ ಹೆಂಗಸರನ್ನು ಕರೆದು ಗೋಣಿತಾಟು ನೆನೆಸಿ ಕಿಟಕಿಗಳಿಗೆ ಕಟ್ಟಿಸಿದರು, ಹೊರಗೋಡೆಗೆ ಕೊಡಗಟ್ಟಲೆ ನೀರು ಹೊಡೆಸಿದರು. ನೆನೆದ ಗೋಣಿಯೊಳಗಿಂದ ಗಾಳಿ ಬರುತ್ತಿರುವಷ್ಟು ಹೊತ್ತು ಥರ್ಮಾಮೀಟರು ಏರದೆ ನಿಂತಿತು. ಇಳಿಯಲಂತೂ ಇಲ್ಲ. ಯಂತ್ರದ ಗೋಡೆಯ ಬುಡದಲ್ಲಿದ್ದ ಕೆಳಗಿನ ಸಾಲಿನ ಟ್ರೇಗಳಲ್ಲಿ ಹುಳುಗಳು ಅಂಚಿಗೂ ಹೋಗುತ್ತಿರಲಿಲ್ಲ, ಸೊಪ್ಪಿಗೂ ಬರುತ್ತಿರಲಿಲ್ಲ. ಸೆಕೆಯೋ ಗ್ಯಾಸೋ ನನಗೆ ತಿಳಿಯದು. ಹುಳುವಿಗೆ ಈ ಗ್ಯಾಸ್ ಏನು ಮಾಡುತ್ತದೆ ಎಂದು ನನಗೆ ಕಲಿಸಿದವರು ಯಾರೂ ಇಲ್ಲ.

ಕಂಪನಿಗೆ ಫೋನು ಮಾಡಿದೆ. ಹೊಸ ಕಾಯಿಲ್ ಬರಲು ವಾರ ಬೇಕೆಂದು, ಬಹಳ ಮರ್ಯಾದೆಯಿಂದ, ನಡುವೆ ಸಂಗೀತ ಕೇಳಿಸಿ ಹೇಳಿದರು. ತೂತುಗಳಿಗೆ ಬೆಸುಗೆ ಹಾಕೋಣವೆಂದರೆ ಒಂದು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುವಂಥ ತಾಮ್ರ. ಎಲ್ಲೆಲ್ಲಿ ಎಂದು ಒತ್ತಡ ಹಾಕಿ ನೋಡಲು ನೈಟ್ರೋಜನ್ ಬೇಕು. ನನ್ನ ಸಿಲಿಂಡರು ಹೊಳಲ್ಕೆರೆಯ ಒಂದು ಕೆಲಸದ ಜಾಗದಲ್ಲಿ ವಿಶ್ರಾಂತಿ ಪಡೆಯುತ್ತಿತ್ತು.

ಆ ಹೊತ್ತಿಗೆ ಅವರ ಮೈದುನ ಬಂದ. ಹೆದ್ದಾರಿಯಲ್ಲಿ ಅವನದು ವೆಲ್ಡಿಂಗ್ ಶೆಡ್ಡು. ಜೊತೆಗೆ ಒಂದಿಷ್ಟು ಹಿಪ್ಪುನೇರಳೆ ಬೆಳೆದು, ಇದೇ ಕೇಂದ್ರದ ಹುಳು ಸಾಕುತ್ತಾನೆ. ಅತ್ತಿಗೆಯ ಕಷ್ಟ ಕೇಳಿ ಲಗೇಜ್ ಆಟೊದಲ್ಲಿ ಆಕ್ಸಿಜನ್ ಸಿಲಿಂಡರು, ಗ್ಯಾಸ್ ವೆಲ್ಡಿಂಗ್ ಸೆಟ್ಟು ಎಲ್ಲ ಹೇರಿಕೊಂಡು ರಾಮಬಾಣದಂತೆ ಬಂದಿಳಿದ.

“ಮಿಸ್ತ್ರಿ, ಆ ನೈಟ್ರೋಜನ್ ಇಲ್ದಿದ್ರೆ ಹೋಗ್ಲಿ, ಇದೈತಲ್ಲ. ಒತ್ತಡಕ್ಕೆ ಯಾವ ಗಾಳಿ ಆದ್ರೇನು? ತುಂಬ್ಸಿ. ಎಲ್ಲಿ ಬುಸ್ ಅಂತೈತೋ ಅಲ್ಲೇ ಬೆಸುಗೆ ಹಾಕ್ತೀನಿ.”

“ಪೈಪಿನೊಳಗೆ ಕಂಪ್ರೆಸರ್ ಎಣ್ಣೆ ಐತಪ್ಪ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಗುಲಿದ್ರೆ ಕಿಡಿನೂ ಬ್ಯಾಡ, ತಾನೇ ಸಿಡೀತೈತೆ. ಆಮ್ಯಾಲೆ ಬೆಸುಗೆ ಹಾಕಾಕೆ ನೀನಿರಲ್ಲ, ಹಾಕಿಸ್ಕಳಾಕೆ ನಾನಿರಲ್ಲ.”

“ನಮ್ಮ ಕಡೆ ಎಷ್ಟು ಜನ ಮಾಡ್ತಾರೆ.”

“ಉಳಿದಿರೋರು ಹೇಳ್ತಾರೆ. ಉಳೀದೋರು ಹೇಳಾಕೆ ಬರಲ್ಲ.”

“ಹಿಂಗೆ ಹೆದ್ರಿದ್ರೆ ಕೆಲಸ ಆದಂಗೇ.”

“ಏನಪ್ಪ, ಅವ್ರು ಹೆದ್ರಿರೋದು ನಿನ್ ಸಲುವಾಗೂ,” ಎಂದರು ಅತ್ತಿಗೆ.

ಅವನು ಸಿಲಿಂಡರಿಗೆ ಒರಗಿ ನಿಂತ. ಸತ್ಯ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೂ ಕೈ ಕಡಿಯುತ್ತಿತ್ತು. ಇದ್ದಬದ್ದ ಗ್ಯಾಸ್ ತುಂಬಿ, ಸೋರುವಷ್ಟು ಸೋರಲಿ, ಸಂಜೆಯವರೆಗೆ ತಳ್ಳೋಣ ಎಂಬ ಆಲೋಚನೆ ಎರಡು ಸಲ ಬಂದು ಹೋಯಿತು. ತುಂಬಿದ್ದೆಲ್ಲ ಅದೇ ಟ್ರೇಗಳ ಕೆಳಗೆ ಹೋಗಿ ಕೂರುತ್ತದೆ. ಬೆಳಿಗ್ಗೆಯಿಂದ ಈ ಯಂತ್ರವನ್ನು ಬದುಕಿಸಲು ಹೆಣಗುತ್ತಿದ್ದೇನಲ್ಲ, ಬದುಕಬೇಕಾದದ್ದು ಯಂತ್ರವೇ ಎಂದು ಯಾರು ಹೇಳಿದರು ಎಂದು ಆಗ ಅನ್ನಿಸಿತು. ಬರುವ ದಾರಿಯಲ್ಲಿ ವೆಲ್ಡಿಂಗ್ ಶೆಡ್ಡಿನ ಹಿಂದಿನ ಮನೆಯ ಗೋಡೆಯಲ್ಲಿ ಥಳಥಳಿಸುವ ಎಸಿಯ ಹೊರಭಾಗ ಕಂಡಿದ್ದೆ. ನಮ್ಮ ಕಸುಬಿನವರ ಕಣ್ಣು ಅಂಥದ್ದರ ಮೇಲೇ ಬೀಳುತ್ತದೆ.

“ಇದು ಸತ್ತೈತೆ. ನಾನು ರಿಪೇರಿ ಮಾಡಲ್ಲ,” ಎಂದೆ. “ಶೆಡ್ಡಿನ ಹಿಂದ್ಗಡೆ ಮನೆ ನಿಂದೇನಪ್ಪ?”

ಅವನಿಗೆ ತಕ್ಷಣ ಅರ್ಥವಾಯಿತು. “ಹೊಸ್ದು ಮಿಸ್ತ್ರಿ ಅದು. ಸ್ಟಿಕರ್ ಕೂಡ ಕಿತ್ತಿಲ್ಲ.”

ಅತ್ತಿಗೆ ಅವನನ್ನು ಕೇಳಲೂ ಇಲ್ಲ, ಅವನ ಕಡೆ ನೋಡಲೂ ಇಲ್ಲ; ಒಣಗಿದ ಒಂದು ಗೋಣಿಯನ್ನು ಬಿಚ್ಚಿ ಮತ್ತೆ ನೀರಿಗೆ ಹಾಕಿದರು. ಅವನು ಆಕ್ಸಿಜನ್ ಸಿಲಿಂಡರನ್ನು ಆಟೊದಿಂದ ಇಳಿಸತೊಡಗಿದ.

“ಅದ್ಯಾಕಪ್ಪ ಇಳಿಸ್ತೀಯ?”

“ಎಸಿಗೆ ಜಾಗ ಬ್ಯಾಡ್ವಾ? ಹೋಗಾಣ ಬರ್ರಿ.”

ಒಳ್ಳೆಯ ಯಂತ್ರವನ್ನು ಗೋಡೆಯಿಂದ ಇಳಿಸುವುದು ಸಂಭ್ರಮದ ಕೆಲಸ. ತಂಪಿಗೆ ಹಾಕಿ ಓಡಿಸುತ್ತ, ಹೊರಗಿನ ಸಣ್ಣ ಪೈಪಿನ ವಾಲ್ವು ಮುಚ್ಚಿದೆ. ಕಂಪ್ರೆಸರು ಒಳಗಿನ ಗ್ಯಾಸನ್ನೆಲ್ಲ ಎಳೆದು ಹೊರಭಾಗದಲ್ಲಿ ತುಂಬಿಕೊಂಡಿತು. ಗೇಜಿನ ಮುಳ್ಳು ಕೆಳಗಿಳಿದಾಗ ದೊಡ್ಡ ವಾಲ್ವನ್ನೂ ಮುಚ್ಚಿ ಕರೆಂಟು ತೆಗೆದೆ. “ಆ ಮಿಷನ್ನಿಗೂ ಹಿಂಗೇ ಮಾಡ್ಬೋದಿತ್ತಲ್ಲ?” ಎಂದ ಮೈದುನ. ಸೋರುವ ಯಂತ್ರದಲ್ಲಿ ಹೀಗೆ ಎಳೆದರೆ ತೂತಿನಿಂದ ಗಾಳಿಯೂ ಒಳಗೆ ಬರುತ್ತದೆ, ಗಾಳಿ ಎಣ್ಣೆ ಒತ್ತಡ ಮೂರೂ ಸೇರಿದರೆ ಕಂಪ್ರೆಸರು ಬಾಂಬಾಗುತ್ತದೆ ಎಂದೆ. “ನಿಮ್ ಕಸುಬಿನಾಗೆ ಸಿಡೀದೆ ಇರೋದು ಏನಾದ್ರೂ ಐತಾ?” ಎಂದು ಕೇಳಿದ. ಯೋಚಿಸಿ ನೋಡಿದೆ, ಚಟ್ಟನೆ ನೆನಪಾಗಲಿಲ್ಲ.

ಚಾಕಿ ಮನೆಗೆ ಬಂದು ಹಳೆಯ ಯಂತ್ರವನ್ನು ಇಳಿಸಿದೆ. ಅವನ ಯಂತ್ರವನ್ನು ಗೋಡೆಗೆ ಹಿಡಿಸುವ ತಗಡಿನ ತೂತುಗಳಿಗೂ ಚಾಕಿ ಕೋಣೆಯ ಗೋಡೆಯಲ್ಲಿದ್ದ ತೂತುಗಳಿಗೂ ತಾಳೆಯಾಗಲಿಲ್ಲ. ಗೋಡೆ ಕೊರೆದರೆ ಹುಳುವಿನ ಮೇಲೆಲ್ಲ ಧೂಳು. ನಾನು ತಗಡು ಹಿಡಿದು ನಿಂತುಬಿಟ್ಟೆ.

“ಗೋಡೆ ಯಾಕೆ ಕೊರೀತೀರಿ? ತಗಡು ಕೊರೀರಿ,” ಎಂದ ಮೈದುನ. ಹಳೆಯ ತಗಡನ್ನು ಹೊಸದರ ಮೇಲೆ ಇಟ್ಟು ಗುರುತು ಮಾಡಿ, ಶೆಡ್ಡಿನಲ್ಲಿ ತೂತು ಹಾಕಿ ತಂದ. ಒಂದು ಕಾಳಷ್ಟೂ ಧೂಳು ಬೀಳದೆ ಹಳೆಯ ಸ್ಕ್ರೂಗಳೇ ಕೂತವು. ಬೆಳಿಗ್ಗೆಯಿಂದ ಸರಿಯಾಗಿ ಆದ ಮೊದಲ ಕೆಲಸ ಅದು. ಅವನು ಅದನ್ನು ಮತ್ತೆ ಮತ್ತೆ ಅಲುಗಾಡಿಸಿ ನೋಡಿದ.

ಅಷ್ಟರಲ್ಲಿ ಬಿಸಿಲು ಪಡುವಣಕ್ಕೆ ಬಂದು ಕೋಣೆಯ ಆ ಗೋಡೆಗೇ ಬಡಿಯುತ್ತಿತ್ತು. “ಕೂರಾಕೆ ಶುರು ಮಾಡ್ತಾ ಅವೆ,” ಎಂದು ಒಳಗಿನಿಂದ ಧ್ವನಿ ಬಂತು. ಹೋಗಿ ನೋಡಿದೆ. ಅಲ್ಲೊಂದು ಇಲ್ಲೊಂದು ಹುಳು ತಲೆ ಎತ್ತಿ, ಪ್ರಾರ್ಥನೆಗೆ ನಿಂತಂತೆ ಸ್ಥಿರವಾಗುತ್ತಿತ್ತು. ಇನ್ನು ಟ್ರೇ ಎತ್ತಿ ಬೇರೆಡೆ ಇಡುವ ದಾರಿಯೂ ಮುಚ್ಚಿತು.

ಪೈಪಿನ ತುದಿಗಳನ್ನು ಕತ್ತರಿಸಿ, ಚೂರು ಒಳಗೆ ಬೀಳದಂತೆ ಬಾಯಿ ಕೆಳಗೆ ಮಾಡಿ ಉಜ್ಜಿ, ಹೊಸದಾಗಿ ಅಗಲಿಸಿ, ನಟ್ಟು ಬಿಗಿದೆ. ಇನ್ನು ಪೈಪಿನೊಳಗಿನ ಗಾಳಿ, ತೇವ ಎರಡನ್ನೂ ವ್ಯಾಕ್ಯೂಮ್ ಪಂಪಿನಿಂದ ಎಳೆಯಬೇಕು. ನಿಧಾನದ ಕೆಲಸ. ಅವಸರದವರು ಪಂಪು ಹಚ್ಚದೆ, ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ಹೊರಗೆ ಊದಿಸುತ್ತಾರೆ. ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಪಂಪಿನ ಕಡೆ ನೋಡುತ್ತಿದ್ದರು.

“ಇನ್ನೇನು ಬಾಕಿ?”

“ಗಾಳಿ ಎಳೀತೈತಮ್ಮ.”

“ಎಳೀದಿದ್ರೆ?”

“ಇವತ್ತು ನಡೀತೈತೆ. ಒಳಗೆ ತೇವ ಉಳಿದ್ರೆ ಯಾವತ್ತು ನಿಲ್ತೈತೋ ಹೇಳಾಕಾಗಲ್ಲ. ಮುಂದಿನ ಹುಳದ ಹೊತ್ತಿಗೇ ನಿಂತ್ರೂ ನಿಲ್ತು.”

ಅವರು ಒಳಗೆ ನೋಡಿದರು, ಪಂಪು ನೋಡಿದರು. “ಎಳೀರಿ ಹಂಗಾರೆ,” ಎಂದರು. ಅದನ್ನು ಹೇಳಲು ಅವರಿಗೆ ಏನು ಖರ್ಚಾಯಿತು ಎಂದು ಮುಖದಲ್ಲಿ ಕಾಣುತ್ತಿತ್ತು.

ಪಂಪು ಗೊರಗುಟ್ಟುತ್ತಿತ್ತು. ಮುಳ್ಳು ಸೊನ್ನೆಯ ಕೆಳಗೆ ಜಾರಿ, ಇನ್ನೂ ಕೆಳಗೆ ಜಾರಿ, ತಳ ಮುಟ್ಟುವ ಹೊತ್ತಿಗೆ ಕರೆಂಟು ಹೋಯಿತು.

ನಾನು ಮೊದಲು ಗೇಜಿನ ವಾಲ್ವು ಮುಚ್ಚಿದೆ. ಎಳೆದ ಶೂನ್ಯವಾದರೂ ಉಳಿಯಲಿ. ಆಮೇಲೆ ನೆಲದ ಮೇಲೆ ಕೂತೆ. ಮೈದುನ ಲೈನ್‌ಮ್ಯಾನಿಗೆ ಫೋನು ಮಾಡಿ, ಮೊದಲು ಮರ್ಯಾದೆಯಿಂದ, ಆಮೇಲೆ ಬಾಂಧವ್ಯದಿಂದ ಮಾತಾಡಿದ. ಲೈನು ಯಾವಾಗ ಬರುತ್ತದೋ ಆಗ ಬರುತ್ತದೆ ಎಂಬ ಖಚಿತ ಉತ್ತರ ಸಿಕ್ಕಿತು. ನೆನೆದ ಗೋಣಿಗಳು ಒಣಗುತ್ತಿದ್ದವು; ಬೋರಿನ ಮೋಟಾರೂ ನಿಂತಿದ್ದರಿಂದ ತೊಟ್ಟಿಯ ತಳದ ನೀರು ಮಾತ್ರ ಉಳಿದಿತ್ತು. ಹೆಂಗಸರು ಅದನ್ನು ಚೊಂಬಿನಲ್ಲಿ ಬಳಿದು ಗೋಣಿಗೆ ಚಿಮುಕಿಸಿದರು. ಹಗಲು ಹೀಗೆಯೇ ಮುಗಿಯುತ್ತದೆ, ಇವರ ಬೋರ್ಡು ಇಳಿಯುತ್ತದೆ, ಇಳಿಸಲು ನಾನೂ ಒಂದು ಕೈ ಕೊಟ್ಟಂತಾಗುತ್ತದೆ ಎಂದುಕೊಂಡೆ. ಮಾಡಲು ಒಂದೇ ಕೆಲಸ ಉಳಿದಿತ್ತು. ಗೇಜಿನ ಮುಳ್ಳು ನೋಡುವುದು. ಜೋಡಣೆಯಲ್ಲಿ ಎಲ್ಲಾದರೂ ಸೋರಿದರೆ ಅದು ಮೇಲೇಳಬೇಕು. ಮೂರು ಜನ ಅದರ ಸುತ್ತ ಕೂತು ದೇವರ ಪ್ರಸಾದದ ಹೂವು ಬಲಕ್ಕೆ ಬೀಳುವುದೋ ಎಡಕ್ಕೆ ಬೀಳುವುದೋ ಎಂಬಂತೆ ಕಾದೆವು.

“ಅಲ್ಲಾಡ್ತಾ ಐತಾ?” ಎಂದರು ಅವರು.

“ಇಲ್ಲ.”

“ಒಳ್ಳೇದಾ, ಕೆಟ್ಟದ್ದಾ?”

“ಇವತ್ತು ಕಂಡ ಒಳ್ಳೇದು ಇದೊಂದೇ ಅಮ್ಮ.”

ಕರೆಂಟು ಬಂದಾಗ ಸೂರ್ಯ ಜೋಗಿಮಟ್ಟಿ ಗುಡ್ಡದ ದಿಕ್ಕಿಗೆ ಇಳಿಯುತ್ತಿದ್ದ. ಪಂಪನ್ನು ಇನ್ನಷ್ಟು ಹೊತ್ತು ಓಡಿಸಿ, ವಾಲ್ವು ಬಿಚ್ಚಿದೆ. ಗ್ಯಾಸ್ ಸುಯ್ ಎಂದು ಪೈಪಿಗೆ ಇಳಿಯಿತು. ಎಲ್ಲ ಜೋಡಣೆಗೂ ನೊರೆ ಹಚ್ಚಿ, ಗುಳ್ಳೆಯಿಲ್ಲವೆಂದು ಎರಡು ಸಲ ನೋಡಿ, ಯಂತ್ರ ಹಾಕಿದೆ. ಹೊಸ ಹಾಳೆ ಬಿಗಿದು ಕಿಟಕಿ ಮುಚ್ಚಿದರು. ಮೂವತ್ತಮೂರು ಎಂಬುದು ಮೂವತ್ತಾಯಿತು, ಇಪ್ಪತ್ತೆಂಟಾಯಿತು. ಆ ಹೊತ್ತಿಗೆ ಹುಳುಗಳೆಲ್ಲ ತಲೆ ಎತ್ತಿ ಕೂತಿದ್ದವು. ಎಷ್ಟು ತಿಂದು ಕೂತವೋ, ಎಷ್ಟು ಸೋತು ಕೂತವೋ ನೋಡಿದರೆ ತಿಳಿಯುವುದಿಲ್ಲ. ಅವರು ಯಂತ್ರ ನಿಲ್ಲಿಸಲು ಹೇಳಿ, ಸುಣ್ಣದ ಪುಡಿಯನ್ನು ಜರಡಿಯಲ್ಲಿ ಉದುರಿಸಿ, ಪುಡಿ ಕೂತ ಮೇಲೆ ಮತ್ತೆ ಹಾಕಿಸಿದರು. ಬ್ಲೀಚಿಂಗ್ ಹೊಡೆಯುವಾಗ ಯಂತ್ರವನ್ನು ನಿಲ್ಲಿಸಿ ಪಾಲಿಥೀನ್ ಚೀಲದಲ್ಲಿ ಗಂಟು ಕಟ್ಟಿ ಮುಚ್ಚುವುದು, ಒಳಭಾಗವನ್ನು ಪ್ರತಿ ಬೆಳೆಯ ನಂತರ ನಾನೇ ಸ್ನಾನ ಮಾಡಿ ಬಂದು ಬರೀ ನೀರಿನಲ್ಲಿ ತೊಳೆಯುವುದು ಎಂದು ಬಾಗಿಲಲ್ಲೇ ಒಪ್ಪಂದವಾಯಿತು.

ಹುಳು ಏಳುವ ದಿನ ಬೆಳಿಗ್ಗೆ ಯಂತ್ರ ನೋಡುವ ನೆಪದಲ್ಲಿ ಹೋದೆ. ಮೈದುನನೂ ಇದ್ದ. ಹೊಸದುರ್ಗದ ಕಡೆಯ ಒಬ್ಬ ರೈತ ಎಲ್ಲರಿಗಿಂತ ಮುಂಚೆ ಬಂದು, ಒದ್ದೆ ಬಟ್ಟೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದ. ಹೋದ ಸಲ ಹುಳು ಸತ್ತ ಮನೆಗಳಲ್ಲಿ ಅವನದೂ ಒಂದಂತೆ. ಆದರೂ ಯಾಕೆ ಬಂದನೋ ಯಾರೂ ಕೇಳಲಿಲ್ಲ.

ಅವರು ಎಳೆ ಸೊಪ್ಪು ಉದುರಿಸಿದರು. ಮೇಲಿನ ಟ್ರೇಗಳಲ್ಲಿ ಹಳೆಯ ಚರ್ಮ ಬಿಟ್ಟು ಬಂದ ಹುಳುಗಳು ಒಂದೊಂದಾಗಿ ಸೊಪ್ಪಿಗೆ ಏರಿದವು. ನಡುವಿನವೂ ಏರಿದವು. ಕೆಳಗಿನ ಸಾಲಿನಲ್ಲಿ ಕೆಲವು ಎದ್ದವು, ಬಹಳಷ್ಟು ಕೂತಲ್ಲೇ ಕೂತಿದ್ದವು. ಅವರು ಬಗ್ಗಿ ನೋಡುತ್ತ ಸುಮಾರು ಹೊತ್ತು ಕಾದರು. ಆಮೇಲೆ ಆ ಸಾಲನ್ನೆಲ್ಲ ಹೊರಗೆ ತೆಗೆದಿಟ್ಟರು.

“ಈ ಸರ್ತಿ ನಿಂಗೆ ಹುಳ ಇಲ್ಲಪ್ಪ,” ಎಂದರು ಮೈದುನನಿಗೆ. “ಇರೋವು ಹೊರಗಿನೋರಿಗೇ ಸರಿಯಾಗ್ತವೆ.”

“ಎಸಿನೂ ಹೋತು, ಹುಳಾನೂ ಹೋತು. ಬೆಳೆದ ಸೊಪ್ಪು ನಾನೇ ತಿನ್ಲಾ ಅತ್ತಿಗೆ?” ಎಂದ. ಎಂದವನು ತನ್ನ ಪಾಲಿನ ಮಾತನ್ನು ಮತ್ತೆ ಎತ್ತಲಿಲ್ಲ.

ರೈತ ಹೊರಗಿಟ್ಟ ಟ್ರೇಗಳನ್ನು ಬಗ್ಗಿ ನೋಡುತ್ತಿದ್ದ. “ಇದ್ರಾಗೆ ಎದ್ದಿರೋವೂ ಅವಲ್ಲಮ್ಮ. ನೋಡಾಕೆ ಚೆನ್ನಾಗೇ ಅವೆ. ಯಾಕೆ ಹಾಳ್ ಮಾಡ್ತೀರಿ, ಇವನ್ನೂ ನಂಗೇ ಕೊಡ್ರಿ.”

“ನೋಡಾಕೆ ಚೆನ್ನಾಗಿದ್ದವನ್ನೇ ಹೋದ ಸರ್ತಿ ನಿಮ್ಗೆ ಕೊಟ್ಟಿದ್ದು,” ಎಂದರು ಅವರು.

ಮೇಲಿನ ಸಾಲಿನ ಟ್ರೇಗಳಲ್ಲಿ ಅವನ ಪಾಲಿನದನ್ನು ಎತ್ತಿ ಕೈಗೆ ಕೊಟ್ಟು, ತಾವು ಕೆಳಗಿನ ಸಾಲಿನ ಮೊದಲ ಟ್ರೇ ಹೊತ್ತು ಹಿತ್ತಲಿಗೆ ನಡೆದರು. ಅಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಬೇಕು. ರೈತ ಅವರು ಹೋದ ಕಡೆಯೇ ನೋಡುತ್ತ ನಿಂತಿದ್ದ. ತನ್ನ ಟ್ರೇಯನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ ಜಗಲಿಯ ನೆರಳಿಗೆ ಇಟ್ಟ, ಹೆಗಲ ಮೇಲಿನ ಟವೆಲನ್ನು ತಲೆಗೆ ಸುತ್ತಿಕೊಂಡ.

“ಗುದ್ದಲಿ ಎಲ್ಲೈತ್ರಿ?” ಎಂದು ನನ್ನನ್ನು ಕೇಳಿದ.